ಅಣ್ಣ ಓಡುವುದನ್ನು ಬಿಟ್ಟ ಮಳೆಗಾಲ

ನನ್ನ ಅಣ್ಣನ ಕಾಯಿಲೆ ಯಾವ ದಿನ ಶುರುವಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಲು ಬರುವುದಿಲ್ಲ. ಜ್ವರ ಬಂದಿದ್ದರೆ, ಎಲ್ಲಾದರೂ ಬಿದ್ದಿದ್ದರೆ ಹೇಳಬಹುದಿತ್ತು. ಅಂಥದ್ದೇನೂ ಆಗಲಿಲ್ಲ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಪ್ಪ ಇಟ್ಟಿದ್ದ ಒಣಮೆಣಸಿನಕಾಯಿ ಮತ್ತು ಬೆಲ್ಲದ ಸಗಟು ಅಂಗಡಿಯನ್ನು ಅಪ್ಪ ಹೋದಮೇಲೆ ಅವನೇ ನಡೆಸುತ್ತಿದ್ದ. ಒಂದು ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಮನೆಗೆ ಬರತೊಡಗಿದ. ಮುಂದೆ ಬೆಳಿಗ್ಗೆ ಹೋಗಿ ಶಟರ್ ಎತ್ತಿ, ಗಿರಾಕಿ ದರ ಕೇಳಿದರೆ ಹೇಳಲಾಗದೆ ಅವರ ಮುಖವನ್ನೇ ನೋಡುತ್ತ ಕುಳಿತು, ಮತ್ತೆ ಶಟರ್ ಎಳೆದು ಬರತೊಡಗಿದ. ಆಮೇಲೆ ಹೋಗುವುದನ್ನೇ ಬಿಟ್ಟ. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ನಿದ್ದೆ ಬಂದಿರುತ್ತಿರಲಿಲ್ಲ.

ಶಹಾಪುರದಲ್ಲಿ ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಕೆಳಗೆ ಅಣ್ಣ ಮತ್ತು ಅವನ ಹೆಂಡತಿ, ಮೇಲೆ ನಾನು. ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನನ್ನ ಜಡೆ ಹೆಣೆದು ಸಾಲೆಗೆ ಕಳಿಸಿದವರು ಅವರೇ. ಅವರಿಗೆ ಮಕ್ಕಳಾಗಲಿಲ್ಲ, ನಾನು ಮದುವೆಯಾಗಲಿಲ್ಲ. ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಮೂವರೂ ರಾತ್ರಿ ಒಟ್ಟಿಗೆ ಊಟ ಮಾಡುತ್ತಿದ್ದೆವು. ಇಷ್ಟೇ ನಮ್ಮ ಸಂಸಾರ.

ಸಂಬಂಧಿಕರು ಬಂದು ಕಾರಣ ಕೇಳುತ್ತಿದ್ದರು. ವ್ಯಾಪಾರದಲ್ಲಿ ಪೆಟ್ಟು ಬಿತ್ತೇ, ಗಂಡ ಹೆಂಡಿರಲ್ಲಿ ಏನಾದರೂ ಆಯಿತೇ, ಯಾರಾದರೂ ಏನಾದರೂ ಅಂದರೇ ಎಂದು. ಇಲ್ಲ ಎಂದರೆ ನಾವು ಮುಚ್ಚಿಡುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು. ಕೊನೆಗೆ ವೈನಿ ಮತ್ತು ನಾನು ಸೇರಿ ಅವನನ್ನು ಮಾನಸಿಕ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆವು. ನನ್ನದೇ ವಯಸ್ಸಿನ ಹೆಣ್ಣುಮಗಳು. ಇದು ಖಿನ್ನತೆ, ಸಕ್ಕರೆ ಕಾಯಿಲೆಯಂತೆ ಇದೂ ಒಂದು ಕಾಯಿಲೆ, ಕಾರಣ ಹುಡುಕುತ್ತ ಕೂಡಬೇಡಿ ಎಂದು ಸಮಾಧಾನವಾಗಿ ಹೇಳಿದರು. ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಎಬ್ಬಿಸಿ ನಡೆಸಿರಿ, ಮೈಗೆ ಸ್ವಲ್ಪ ದಣಿವಾಗಲಿ ಎಂದರು. ಗುಳಿಗೆಯನ್ನು ಅವನು ನುಂಗಿದ. ನಡೆಯಲು ಏಳಲಿಲ್ಲ.

ಅಣ್ಣ ಕಾಲೇಜಿನಲ್ಲಿದ್ದಾಗ ದೂರದ ಓಟಗಾರನಾಗಿದ್ದ. ಗದ್ದೆ, ಗುಡ್ಡ, ಹಳ್ಳ ದಾಟಿ ಓಡುವ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಡುಮನೆಯ ಗಾಜಿನ ಕಪಾಟಿನಲ್ಲಿ ಇನ್ನೂ ಇವೆ. ಅಂಗಡಿಗೆ ಕುಳಿತ ಮೇಲೆ ಓಟ ನಿಂತಿತ್ತು. ಆ ಬೇಸಿಗೆಯ ಆರಂಭದಲ್ಲಿ ಒಂದು ಮುಂಜಾನೆ ವೈನಿ ಅವನನ್ನು ಎಬ್ಬಿಸಿ ಅಡುಗೆಮನೆಯಲ್ಲಿ ಕೂಡಿಸಿದ್ದರು. ಅವಲಕ್ಕಿ ತಟ್ಟೆಯ ಕೆಳಗೆ ಹಾಸಿದ್ದ ಪೇಪರನ್ನು ಅವನು ಓದುತ್ತಿರುವುದು ಕಾಣಿಸಿತು. ತಿಂಗಳುಗಟ್ಟಲೆ ಅವನು ಏನನ್ನೂ ಓದಿರಲಿಲ್ಲ.

"ಐವತ್ತು ಕಿಲೋಮೀಟರ," ಅಂದ. "ಖಾನಾಪುರದ ಅಡವ್ಯಾಗ."

ಅದು ಮಳೆಗಾಲ ಮುಗಿದಮೇಲೆ ನಡೆಯಲಿದ್ದ ಒಂದು ಓಟದ ಸುದ್ದಿ. ಮ್ಯಾರಥಾನ್‌ಗಿಂತಲೂ ದೂರ, ಅದೂ ಡಾಂಬರು ರಸ್ತೆಯಲ್ಲಲ್ಲ, ಕಾಡಿನ ಕಾಲುದಾರಿಯಲ್ಲಿ. ಅಲ್ಟ್ರಾ ಎಂದು ಬರೆದಿದ್ದರು. ನಾನು ಕಾಲೇಜಿನಲ್ಲಿದ್ದಾಗ ಇಂಥದ್ದು ಇದ್ದಿದ್ದರೆ ಓಡುತ್ತಿದ್ದೆ ಎಂದು ಅವನು ಹೇಳಿದ. ವೈನಿ ನೀರಿನ ತಂಬಿಗೆ ಹಿಡಿದು ನಿಂತವರು ನಿಂತೇ ಇದ್ದರು. ನಾನು ಯೋಚಿಸದೆ, ಈಗ ಓಡು, ನಿನ್ನ ಜೊತೆ ನಾನೂ ಬರ್ತೀನಿ ಅಂದುಬಿಟ್ಟೆ. ಬಸ್ಸು ಹಿಡಿಯಲೂ ಓಡದವಳು ನಾನು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಗಲಿಲ್ಲ, ಆದರೆ ನಗು ಬರುವ ಮೊದಲು ಮುಖ ಹೇಗಿರುತ್ತದೋ ಹಾಗೆ ಆಯಿತು. ಅಂದು ಸಂಜೆಯೇ ಇಬ್ಬರ ಹೆಸರನ್ನೂ ನೋಂದಾಯಿಸಿದೆ.

ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂಬ ಹಳೆಯ ಆವರಣದ ಮರಗಳ ನಡುವೆ ನಮ್ಮ ಅಭ್ಯಾಸ ಶುರುವಾಯಿತು. ಮೊದಲ ದಿನ ಮೊದಲ ತಿರುವು ಮುಟ್ಟುವಷ್ಟರಲ್ಲಿ ನನಗೆ ಮರ ಹಿಡಿದು ನಿಲ್ಲಬೇಕಾಯಿತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅಣ್ಣ ಮುಂದೆ ಹೋಗಿದ್ದವನು ಹಿಂತಿರುಗಿ ಬಂದ. ಅಷ್ಟು ದಿನ ಮಲಗಿಯೇ ಇದ್ದ ಆ ಮೈ ಎಷ್ಟು ಹಗುರವಾಗಿ ಬಂತೆಂದು ನೋಡಿ ನನಗೆ ಅಳು ಬಂದಂತಾಯಿತು.

"ಮಾತಾಡಿಕೋತ ಓಡಬೇಕು," ಅಂದ. "ಮಾತಾಡಾಕ ಬರಲಿಲ್ಲಂದ್ರ ಜೋರ ಓಡಾಕತ್ತಿ ಅಂತ ತಿಳಿ."

ನನಗೆ ಮಾತಾಡಲು ಉಸಿರಿರಲಿಲ್ಲ. ಹಾಗಾಗಿ ಅವನೇ ಮಾತಾಡಬೇಕಾಯಿತು. ಕಾಲೇಜಿನ ದಿನಗಳಲ್ಲಿ ಮನೆಯಿಂದ ದೇಸೂರ ಸ್ಟೇಷನ್ನಿನವರೆಗೆ ಓಡಿ, ಟಿಕೆಟ್ ಇಲ್ಲದೆ ರೈಲಿನಲ್ಲಿ ವಾಪಸು ಬರುತ್ತಿದ್ದದ್ದು, ಒಮ್ಮೆ ಟಿಸಿ ಹಿಡಿದು ಅಪ್ಪನಿಗೆ ಹೇಳಿ ಕಳಿಸಿದ್ದು, ಅಪ್ಪ ಬೈಯದೆ ಹೊಸ ಬೂಟು ಕೊಡಿಸಿದ್ದು, ಇದನ್ನೆಲ್ಲ ಹೇಳಿದ. ಮನೆಯಲ್ಲಿ ಮೂರು ಶಬ್ದ ಕೂಡಿಸಿ ಆಡದವನು ಮರಗಳ ಕೆಳಗೆ ಹೀಗೆ ಹೇಳುತ್ತ ಹೋದಾಗ, ನಾನು ದಮ್ಮು ಕಟ್ಟಿ ಅವನ ಪಕ್ಕ ಕುಂಟುತ್ತ ಓಡುತ್ತಿದ್ದೆ. ನಿಂತರೆ ಮಾತೂ ನಿಂತೀತೆಂದು ಹೆದರಿಕೆ.

ಬೇಸಿಗೆಯಲ್ಲಿ ಯಳ್ಳೂರಿನ ಕೋಟೆಗುಡ್ಡ ಹತ್ತಲು ಹೋದೆವು. ಏರಿನಲ್ಲಿ ಓಡಬಾರದು, ತೊಡೆಯ ಮೇಲೆ ಕೈ ಊರಿ ನಡೆಯಬೇಕು, ಇಳಿಜಾರಿನಲ್ಲಿ ಹೆಜ್ಜೆ ಸಣ್ಣದಿಡಬೇಕು ಎಂದು ಕಲಿಸಿದ. ಹಸಿವಾಗುವ ಮೊದಲೇ ತಿನ್ನಬೇಕೆಂದ. ವೈನಿ ಶೇಂಗಾ ಉಂಡಿ ಕಟ್ಟಿ ಕೊಡುತ್ತಿದ್ದರು. ಆ ವಾರಗಳಲ್ಲಿ ಅವರು ಬೇರೆಯೇ ಆಗಿದ್ದರು. ಅಣ್ಣ ಮಧ್ಯಾಹ್ನದ ತನಕ ಅಂಗಡಿಯಲ್ಲಿ ಕೂಡತೊಡಗಿದ್ದ. ಇಬ್ಬರೂ ಒಂದು ಮದುವೆಗೆ ಹೋಗಿ ಉಂಡು ಬಂದರು. ವೈದ್ಯರು ನಮ್ಮನ್ನು ನೋಡಿ, ಇದೇ ನನಗೆ ಬೇಕಾಗಿದ್ದದ್ದು ಎಂದರು. ನಾನು ಕನ್ನಡಿಯಲ್ಲಿ ನನ್ನ ಕಾಲಿನ ಮೀನಖಂಡ ನೋಡಿಕೊಂಡು ಹೆಮ್ಮೆಪಟ್ಟೆ.

ಒಂದು ಸಂಗತಿ ಮಾತ್ರ ನಾನು ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಓಡಿ ಬಂದಮೇಲೆ ಅವನು ಮನೆಯ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದ. ಬೂಟಿನ ಲೇಸು ಬಿಚ್ಚುತ್ತಿರಲಿಲ್ಲ. ವೈನಿಯೇ ಬಂದು, ಬಗ್ಗಿ, ಬಿಚ್ಚಿ, ಒಳಗೆ ಕರೆದುಕೊಂಡು ಹೋಗಬೇಕಿತ್ತು. ದಣಿವು ಎಂದುಕೊಂಡೆ. ಆದರೆ ದಣಿದವಳು ನಾನು, ಅವನಿಗೆ ಉಸಿರೂ ಏರಿರುತ್ತಿರಲಿಲ್ಲ.

ಮಳೆ ಹಿಡಿಯಿತು. ಬೆಳಗಾವಿಯ ಮಳೆಯೆಂದರೆ ಒಮ್ಮೆ ಶುರುವಾದರೆ ವಾರಗಟ್ಟಲೆ ಜಿಟಿಜಿಟಿ. ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಸು ಹತ್ತುತ್ತದೆ. ಕಾಡಿನ ಓಟಕ್ಕೆ ಕೆಸರಿನಲ್ಲೇ ಕಾಲು ಪಳಗಬೇಕೆಂದು ನಾವು ಊರ ಹೊರಗೆ ಹೋಗತೊಡಗಿದೆವು. ರೈಲಿನಲ್ಲಿ ದೇಸೂರಿಗೆ ಹೋಗಿ, ಅಲ್ಲಿಂದ ಗದ್ದೆಯ ಬದುಗಳ ಮೇಲೆ, ಬಂಡಿಜಾಡುಗಳಲ್ಲಿ ಖಾನಾಪುರದ ಕಡೆಗೆ ಓಡುತ್ತಿದ್ದೆವು. ಕೆಂಪು ಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಲು ಭಾರವಾಗುತ್ತಿತ್ತು. ಅಷ್ಟರಲ್ಲಿ ನನಗೆ ಓಡುತ್ತ ಮಾತಾಡಲು ಬರುತ್ತಿತ್ತು. ಈಗ ಮಾತು ನಿಲ್ಲಿಸಿದವನು ಅವನು. ನಾನು ಕಾಲೇಜಿನ ಸುದ್ದಿ, ಉತ್ತರಪತ್ರಿಕೆಗಳಲ್ಲಿ ಹುಡುಗರು ಬರೆಯುವ ವಿಚಿತ್ರಗಳು, ಪಕ್ಕದ ಮನೆಯವರ ಜಗಳ ಎಲ್ಲ ಹೇಳುತ್ತಿದ್ದೆ. ಅವನು ಹೂಂ ಅನ್ನುತ್ತಿದ್ದ. ಆ ಹೂಂ ನಡುನಡುವೆ ತಡವಾಗತೊಡಗಿತು. ಕೆಲವೊಮ್ಮೆ ಬರುತ್ತಲೇ ಇರಲಿಲ್ಲ.

ಮಳೆಯ ಜೋರು ಹೆಚ್ಚಾಗಿದ್ದ ಒಂದು ರವಿವಾರ ಜಾಂಬೋಟಿಗೆ ಹೋದೆವು. ಓಟದ ಹಾದಿಯ ಒಂದು ಭಾಗ ಆ ಕಡೆಯ ಕಾಡಿನಲ್ಲೇ ಹಾಯುತ್ತದೆಂದು ಗೊತ್ತಾಗಿತ್ತು. ಬಸ್ಸಿಳಿದು ನಾಟಿ ನಡೆದಿದ್ದ ಗದ್ದೆಗಳನ್ನು ದಾಟಿ ಕಾಡಿನ ಜಾಡು ಹಿಡಿದೆವು. ಮೇಲಿಂದ ಮಳೆ, ಕೆಳಗಿಂದ ನೀರು, ನಡುವೆ ಮಂಜು. ಅವತ್ತು ಅಣ್ಣ ಓಡಿದಂತೆ ಅವನು ಯಾವತ್ತೂ ಓಡಿದ್ದನ್ನು ನಾನು ನೋಡಿಲ್ಲ. ಬೇರು, ಕಲ್ಲು, ಜಾರುವ ಎಲೆ, ಎಲ್ಲಿಯೂ ಅವನ ಕಾಲು ತಪ್ಪಲಿಲ್ಲ. ಅವನ ಹಳದಿ ರೇನ್‌ಕೋಟು ಏರಿನಲ್ಲಿ ಸಣ್ಣದಾಗುತ್ತ ಹೋಗಿ ಮಂಜಿನಲ್ಲಿ ಮರೆಯಾಯಿತು. ನನಗೆ ಸಂತೋಷವಾಯಿತು. ನನ್ನ ಸಲುವಾಗಿ ನಿಲ್ಲದೆ ಅವನು ತನ್ನ ಸಲುವಾಗಿ ಓಡುತ್ತಿದ್ದಾನೆ, ಗುಣವಾದ ಎಂದುಕೊಂಡೆ.

ಏರು ಮುಗಿದು ತಿರುವಿಗೆ ಬಂದರೆ ಅವನು ಹಳ್ಳದ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ. ಕಾಲು ಉಳುಕಿತೇನೋ ಎಂದು ಓಡಿಹೋದೆ. ಕಾಲಿಗೆ ಏನೂ ಆಗಿರಲಿಲ್ಲ. ಹೊಟ್ಟೆಯಲ್ಲಿ ನೋವೇ ಎಂದರೆ ಇಲ್ಲ. ಏಳು, ಮೈ ತಣ್ಣಗಾದರೆ ಜ್ವರ ಬರ್ತದೆ ಎಂದೆ. ಏಳಲಿಲ್ಲ. ನೀರು ಅವನ ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ರೆಪ್ಪೆ ಬಡಿಯುತ್ತಲೂ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಆಗ ಅವನೇ ಬಾಯಿಬಿಟ್ಟ.

"ನನಗ ಓಡಾಕ ಬರ್ತೈತಿ ತಂಗೀ. ಈಗೂ ಎಷ್ಟು ಬೇಕಾದ್ರೂ ಓಡ್ತೀನಿ."

ನೋಡಿದೆ, ಎಷ್ಟು ಚಂದ ಓಡಿದಿ ಎಂದೆ.

"ಅದ ನೋಡು. ಮೊದಲ ಒಂದು ಆಸೆ ಇತ್ತು. ಓಡಾಕ ಹತ್ತಿದ್ರ ಇದು ಹೋಗ್ತೈತಿ ಅಂತ ತಿಳಕೊಂಡಿದ್ದೆ. ಓಡಿದೆ. ಹೋಗಲಿಲ್ಲ. ಓಡೂ ಮುಂದ ಇದೂ ನನ್ನ ಜೋಡಿನ ಓಡತೈತಿ. ಇನ್ನ ಯಾವದರ ಮ್ಯಾಲೆ ಆಸೆ ಇಟ್ಟುಕೊಳ್ಳಲಿ?"

ನಾನು ದಿನಾಲೂ ನೂರಾರು ಹುಡುಗರ ಮುಂದೆ ನಿಂತು ಮಾತಾಡುವವಳು. ಅವನ ಮುಂದೆ ಮಾತ್ರ, ಗುಳಿಗೆ ನಾಟಲು ಇನ್ನೂ ಸಮಯ ಬೇಕು, ವೈದ್ಯರು ಹಾಗೆಂದಿದ್ದಾರೆ ಎಂದು ಏನೋ ಗೊಣಗಿದೆ. ಅವನು ತಲೆ ಆಡಿಸಿದ, ನನ್ನನ್ನು ಸಮಾಧಾನ ಮಾಡುವವನಂತೆ. ಅವನ ಸಾಕ್ಸಿನ ಮೇಲೆ ಜಿಗಣೆಗಳು ಹತ್ತಿ ಒಳಗೆ ನುಸುಳುತ್ತಿದ್ದವು. ಅವನು ನೋಡುತ್ತಿದ್ದ. ಕಿತ್ತು ಹಾಕಲಿಲ್ಲ.

ಎಷ್ಟು ಕರೆದರೂ, ಕೈ ಹಿಡಿದು ಎಳೆದರೂ ಅವನು ಅಲ್ಲಿಂದ ಏಳಲಿಲ್ಲ. ಕೊನೆಗೆ ಎಬ್ಬಿಸಿದವಳು ಆ ದಾರಿಯಲ್ಲಿ ಬಂದ ಒಬ್ಬ ಮುದುಕಿ. ತಲೆಯಿಂದ ಬೆನ್ನಿನವರೆಗೆ ಪ್ಲಾಸ್ಟಿಕ್ ಹೊದ್ದು, ಕೈಯಲ್ಲಿ ಸೊಪ್ಪಿನ ಹೊರೆ ಹಿಡಿದು ಗದ್ದೆಯ ಕಡೆಗೆ ಹೊರಟಿದ್ದಳು. ನಮ್ಮನ್ನು ನೋಡಿ ನಿಂತು, ಮೈಯಲ್ಲಿ ನೆಟ್ಟಗಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಅಣ್ಣನ ಮರಾಠಿ ಚೆನ್ನಾಗಿದೆ, ರವಿವಾರ ಪೇಟೆಯಲ್ಲಿ ಅದಿಲ್ಲದೆ ವ್ಯಾಪಾರವಾಗುವುದಿಲ್ಲ. ಏನಿಲ್ಲ ಮಾವಶಿ, ಸುಮ್ಮನೆ ಕೂತೀವಿ ಎಂದು ಅವನೂ ಮರಾಠಿಯಲ್ಲೇ ಹೇಳಿದ. ಹಾಗಾದರೆ ನಡಿ, ಚಹಾ ಕುಡಿದು ಹೋಗು ಎಂದಳು. ಅವನು ಎದ್ದ. ಗುರುತಿಲ್ಲದವರ ಮಾತಿಗೆ ಇಲ್ಲ ಅನ್ನಬಾರದೆಂಬ ಮರ್ಯಾದೆ ಇನ್ನೂ ಅವನಲ್ಲಿ ಉಳಿದಿತ್ತು. ನನ್ನ ಮಾತಿಗೆ ಏಳುವಷ್ಟು ಉಳಿದಿರಲಿಲ್ಲ.

ಅವಳ ಮನೆಯಲ್ಲಿ ಒಲೆಯ ಮುಂದೆ ಕೂಡಿಸಿ, ಹಾಲಿಲ್ಲದ ಬೆಲ್ಲದ ಚಹಾ ಕೊಟ್ಟಳು. ಅಣ್ಣನ ಬೂಟು ತೆಗೆಸಿ, ಜಿಗಣೆಗಳ ಮೇಲೆ ಉಪ್ಪು ಉದುರಿಸಿದಳು. ಒಂದೊಂದೇ ಉದುರಿ ಬಿದ್ದು ರಕ್ತ ಸಣ್ಣಗೆ ಹರಿಯಿತು. ಅವನು ಬೇರೆ ಯಾರದೋ ಕಾಲು ನೋಡುವಂತೆ ತನ್ನ ಕಾಲನ್ನು ನೋಡುತ್ತ ಕುಳಿತಿದ್ದ. ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಬಂದೆವು. ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿಕೊಂಡಿದ್ದ. ಬಸ್ಸು ಕುಲುಕಿದಾಗೆಲ್ಲ ತಲೆ ಗಾಜಿಗೆ ಬಡಿಯುತ್ತಿತ್ತು.

ಮರುದಿನದಿಂದ ಅವನು ಏಳಲಿಲ್ಲ. ಈ ಸಲದ ಮಲಗುವಿಕೆ ಮೊದಲಿನದಕ್ಕಿಂತ ಆಳವಾಗಿತ್ತು. ಸ್ನಾನಕ್ಕೂ ವೈನಿ ಕೈ ಹಿಡಿದು ಕರೆದೊಯ್ಯಬೇಕು. ವೈದ್ಯರು ಗುಳಿಗೆ ಬದಲಿಸಿದರು, ಪ್ರಮಾಣ ಹೆಚ್ಚಿಸಿದರು, ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು. ವೈನಿ ಗುಳಿಗೆಗಳನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದರು. ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಅಂಗಡಿ ಮುಚ್ಚಿದರೆ ಊಟಕ್ಕೆ ದಾರಿ ಏನೆಂದು ಕೆಲವು ಗಂಟೆ ತಾವೇ ಹೋಗಿ ಕೂಡತೊಡಗಿದರು. ಅಷ್ಟು ಹೊತ್ತು ಅಣ್ಣನ ಬಳಿ ನಾನಿರುತ್ತಿದ್ದೆ. ಕಾಲೇಜಿಗೆ ಹೋಗುವ ಮೊದಲು ಅವನಿಗೆ ಅನ್ನ ಕಲಸಿ ಕೊಡುತ್ತಿದ್ದೆ. ಎರಡು ತುತ್ತು ತಿಂದು, ಸಾಕು ಅನ್ನುತ್ತಿದ್ದ.

ನಾನು ಓಡುವುದನ್ನು ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸಲಿಲ್ಲವೆಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟವಿತ್ತು. ವೈನಿ ಕೇಳಿದರು. ಒಂದು ಬೆಳಿಗ್ಗೆ ಕೆಸರು ಮೆತ್ತಿದ ಬೂಟಿನಲ್ಲಿ ನಾನು ಒಳಗೆ ಬಂದಾಗ ಅವರು ಅಣ್ಣನ ಹಾಸಿಗೆಯ ಹೊದಿಕೆ ಬದಲಿಸಿ ಒಗೆಯಲು ಹೊರಟಿದ್ದರು.

"ನೀ ಓಡೂದು ಅವರ ಸಲುವಾಗಿ ಅಂತ ತಿಳಕೊಂಡಿದ್ದೆ," ಅಂದರು. "ಅವರಂತೂ ಬಿಟ್ಟರು. ಈಗ ಯಾರ ಸಲುವಾಗಿ ಓಡಾಕತ್ತಿ?"

ನನಗೂ ಗೊತ್ತಿಲ್ಲ ವೈನಿ, ಎಂದೆ.

"ಓಡು. ಓಡಾಕರ ಒಂದು ದಾರಿ ಐತಿ ನಿನಗ. ನಾ ಈ ಖೋಲಿ ಬಿಟ್ಟು ಎಲ್ಲಿಗೆ ಓಡಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಅಂದು ಹಗುರವಾಗುತ್ತಿದ್ದೆ. ಹೊದಿಕೆಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಒಗೆದು ಹಾಕಿದೆ. ಮಳೆಯಲ್ಲಿ ಅದು ಮೂರು ದಿನ ಒಣಗಲಿಲ್ಲ.

ಒಬ್ಬಳೇ ಓಡಿದರೆ ಮನಸ್ಸು ಶಾಂತವಾಗುತ್ತದೆಂದು ಓಟದ ಬಗ್ಗೆ ಬರೆಯುವವರು ಬರೆಯುತ್ತಾರೆ. ನನಗೆ ಹಾಗಾಗಲಿಲ್ಲ. ದೇಸೂರಿನ ಗದ್ದೆಗಳ ನಡುವೆ ಓಡುವಾಗ ಅಣ್ಣ ಮಲಗಿದ್ದ ಅದೇ ಖೋಲಿ, ಅದೇ ಗೋಡೆ, ಅವನ ಅದೇ ಬೆನ್ನು ಕಣ್ಣ ಮುಂದೆ ಇರುತ್ತಿತ್ತು. ಮಂಡಿ ನೋಯುತ್ತಿತ್ತು, ಒಂದು ಉಗುರು ಕಪ್ಪಾಗಿ ಕಳಚಿ ಬಿತ್ತು. ಆ ನೋವು ನನಗೆ ಬೇಕಾಗಿತ್ತೋ ಏನೋ. ಒಂದು ಸಲ ಓಟ ಮುಗಿಸಿ ದೇಸೂರ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದೆ. ಬೆಳಗಾವಿಗೆ ಹೋಗುವ ಗಾಡಿ ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ಹತ್ತಬೇಕೆಂದು ಗೊತ್ತಿತ್ತು, ಮೈ ಏಳಲಿಲ್ಲ. ಮುಂದಿನ ಗಾಡಿಗೆ ಬಹಳ ಹೊತ್ತಿತ್ತು. ಮಳೆಯಲ್ಲಿ ಹಳಿಗಳನ್ನು ನೋಡುತ್ತ ಕುಳಿತಾಗ, ಅಣ್ಣನಿಗೆ ಆದದ್ದು ನನಗೂ ಆಗುತ್ತಿದೆಯೇ, ಇದು ನಮ್ಮ ರಕ್ತದಲ್ಲೇ ಇದೆಯೇ ಎಂದು ಮೊದಲ ಸಲ ಹೆದರಿದೆ. ವೈದ್ಯರಿಗೆ ಹೇಳಬೇಕೆಂದುಕೊಂಡೆ. ಮುಂದಿನ ಸಲ ಹೋದಾಗ ಅಣ್ಣನ ವಿಷಯವೇ ಮುಗಿಯಲಿಲ್ಲ, ನನ್ನದನ್ನು ಎತ್ತಲಿಲ್ಲ.

ಮಳೆ ನಿಂತು ಗದ್ದೆಗಳು ಹಳದಿಯಾದವು. ಓಟದ ಹಿಂದಿನ ದಿನ ಅಣ್ಣನ ಹಾಸಿಗೆಯ ಅಂಚಿನಲ್ಲಿ ಕುಳಿತು, ಓಡುವುದು ಬೇಡ, ನನ್ನ ಜೊತೆ ಬಂದು ಸುಮ್ಮನೆ ನಿಲ್ಲು, ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ಗಾಡಿಯಲ್ಲೇ ಕರೆದುಕೊಂಡು ಬರುತ್ತೇನೆ ಎಂದೆ. ಅವನು ಗೋಡೆಯ ಕಡೆಯಿಂದ ನನ್ನ ಕಡೆ ತಿರುಗಿದ. ಅಷ್ಟು ಮಾಡಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಕಾಣುತ್ತಿತ್ತು.

"ನೀ ಹೋಗು. ನನ್ನ ಕರೀಬ್ಯಾಡ ತಂಗೀ. ನೀ ಕರದಾಗೆಲ್ಲಾ ಇಲ್ಲ ಅನ್ನಬೇಕಾಗ್ತೈತಿ. ನನಗ ಅದೂ ಒಂದು ಕೆಲಸ."

ಆಮೇಲೆ ನಾನು ಅವನನ್ನು ಯಾವುದಕ್ಕೂ ಕರೆದಿಲ್ಲ.

ಖಾನಾಪುರದ ಆಚೆ ಒಂದು ಹಳ್ಳಿಯ ಸಾಲೆಯ ಬಯಲಿನಿಂದ ಓಟ ಶುರುವಾಯಿತು. ಇನ್ನೂ ಮಬ್ಬುಗತ್ತಲು, ಎಲ್ಲರ ಹಣೆಯ ಮೇಲೂ ಸಣ್ಣ ಬ್ಯಾಟರಿ ದೀಪ. ಹುಬ್ಬಳ್ಳಿ, ಪುಣೆ, ಗೋವಾ ಕಡೆಯಿಂದ ಬಂದ ಹುಡುಗರು ಒಬ್ಬರನ್ನೊಬ್ಬರು ಹುರಿದುಂಬಿಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಎದೆಯ ಮೇಲೆ ನನ್ನ ನಂಬರಿನ ಚೀಟಿ. ಅಣ್ಣನ ಹೆಸರಿನ ಚೀಟಿಯನ್ನೂ ಕೊಟ್ಟಿದ್ದರು, ಬರಲಿಲ್ಲವೆಂದು ಹೇಳಿ ವಾಪಸು ಮಾಡಿದೆ. ಹೊರಟ ಸ್ವಲ್ಪ ಹೊತ್ತಿನಲ್ಲೇ ದೀಪಗಳ ಸಾಲು ಮುಂದೆ ಹೋಗಿ ನಾನು ಹಿಂದೆ ಉಳಿದೆ. ಅದಕ್ಕೆ ನನಗೇನೂ ಅನಿಸಲಿಲ್ಲ, ಹಾಗಾಗುತ್ತದೆಂದು ಗೊತ್ತಿತ್ತು.

ದಿನವಿಡೀ ಕಾಡು. ಬೆಳಗಾದಮೇಲೆ ಬಿಸಿಲು ಎಲೆಗಳ ನಡುವೆ ಬಿತ್ತು. ಏರಿನಲ್ಲಿ ತೊಡೆಗೆ ಕೈ ಊರಿ ನಡೆದೆ, ಇಳಿಜಾರಿನಲ್ಲಿ ಸಣ್ಣ ಹೆಜ್ಜೆ ಇಟ್ಟೆ. ಹಳ್ಳ ದಾಟುವಾಗ ಜಾರಿ ಬಿದ್ದು ಮೊಣಕೈ ತರಚಿತು. ನೀರು ಕೊಡುವ ತಾಣಗಳಲ್ಲಿ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ವಾಂತಿಯಾಯಿತು. ಒಂದು ಮರಕ್ಕೆ ಹಣೆ ಆನಿಸಿ ನಿಂತು, ಇಲ್ಲೇ ಕುಳಿತುಬಿಡಬಹುದಲ್ಲ ಎಂದು ಯೋಚಿಸಿದೆ. ಕೊನೆಯ ಓಟಗಾರರ ಹಿಂದೆ ಯಾರೂ ಉಳಿಯದಂತೆ ನೋಡಿಕೊಂಡು ಬರುವ ಇಬ್ಬರು ಸ್ವಯಂಸೇವಕರು ನನ್ನನ್ನು ಕೂಡಿಕೊಂಡರು. ಅವರಲ್ಲೊಬ್ಬ ಹೆಣ್ಣುಮಗಳು ಬೆಳಗಾವಿಯವಳೇ. ಬರ್ರಿ ಅಕ್ಕಾರ, ಹಿಂಗ ನಿಧಾನ ಹೋಗೂಣು ಎನ್ನುತ್ತ ನನ್ನ ಹಿಂದೆ ನಡೆದಳು. ಕೊನೆಯ ತಾಣಕ್ಕೆ ಬರುವಷ್ಟರಲ್ಲಿ ವೇಳೆ ಮೀರಿತ್ತು. ನಿಯಮದ ಪ್ರಕಾರ ನನ್ನನ್ನು ಅಲ್ಲಿಯೇ ನಿಲ್ಲಿಸಿ ಜೀಪಿನಲ್ಲಿ ಕಳಿಸಬೇಕು. ಜೀಪಿನ ಬಾಗಿಲು ತೆಗೆದೂ ಇಟ್ಟಿದ್ದರು. ನಾನು ಮುಗಿಸಿದ್ದಾಗಿ ಬರೆದುಕೊಳ್ಳಬೇಡಿ, ನಡೆದು ಬರುತ್ತೇನೆ, ಅಷ್ಟು ಬಿಡಿ ಎಂದೆ. ಅವರು ತಮ್ಮೊಳಗೆ ಮಾತಾಡಿಕೊಂಡು ಬಿಟ್ಟರು. ಉಳಿದದ್ದು ಬಂಡಿಜಾಡು, ಕಾಡಲ್ಲ.

ಸಾಲೆಯ ಬಯಲಿಗೆ ಬಂದಾಗ ಪೆಂಡಾಲು ಬಿಚ್ಚುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಬಹುಮಾನ ಕೊಡುವುದು ಮುಗಿದಿತ್ತು. ಯಾರೋ ಚಪ್ಪಾಳೆ ತಟ್ಟಿದರು. ಆ ಹೆಣ್ಣುಮಗಳು ನನ್ನನ್ನು ಅಪ್ಪಿಕೊಂಡು, ಹೆಂಗನಿಸ್ತು ಅಕ್ಕಾರ ಎಂದು ಕೇಳಿದಳು. ಛಲೋ ಅನಿಸ್ತು ಎಂದೆ. ಅದು ಸುಳ್ಳು. ಏನಾದರೂ ಆಗುತ್ತದೆಂದು ನಾನು ಒಳಗೊಳಗೇ ನಂಬಿದ್ದೆ. ಇಷ್ಟು ದೂರ, ಇಷ್ಟು ನೋವು, ಕೊನೆಯಲ್ಲಿ ಒಂದು ಅಳುವಾದರೂ ಬಂದೀತು, ಎದೆಯಲ್ಲಿ ಏನೋ ಸಡಿಲವಾದೀತು ಎಂದು. ಏನೂ ಬರಲಿಲ್ಲ. ಬಯಲಿನ ನಡುವೆ ನಿಂತು ಪೇರಿಸಿದ ಕುರ್ಚಿಗಳನ್ನು ನೋಡಿದೆ. ಬೆಳಿಗ್ಗೆ ಮನೆ ಬಿಡುವಾಗ ಎದೆಯ ಮೇಲೆ ಏನು ಕುಳಿತಿತ್ತೋ ಅದು ಅಲ್ಲೇ, ಅಷ್ಟೇ ಭಾರವಾಗಿ ಕುಳಿತಿತ್ತು. ಜಾಂಬೋಟಿಯ ಮಳೆಯಲ್ಲಿ ಅಣ್ಣ ಹೇಳಿದ್ದು ಏನೆಂದು ಆಗ ಗೊತ್ತಾಯಿತು. ಗೊತ್ತಾಗಿ ಅವನ ಬಗ್ಗೆ ಹೆದರಿಕೆ ಇನ್ನೂ ಹೆಚ್ಚಾಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ವೈನಿ ಬಾಗಿಲಲ್ಲೇ ನನ್ನ ಅವತಾರ ನೋಡಿ ಏನೂ ಕೇಳದೆ ಕುರ್ಚಿಯ ಮೇಲೆ ಕೂಡಿಸಿದರು. ಬೋಗುಣಿಯಲ್ಲಿ ಬಿಸಿನೀರು ತಂದು, ಉಪ್ಪು ಹಾಕಿ, ನನ್ನ ಕಾಲುಗಳನ್ನು ಅದರಲ್ಲಿಟ್ಟರು. ಬೊಕ್ಕೆಗಳಿಗೆ ನೀರು ತಾಗಿ ಉರಿಯಿತು. ಅನ್ನ, ಸಾರು ತಿಂದಮೇಲೆ ಗೋಡೆ ಹಿಡಿದು ಅಣ್ಣನ ಖೋಲಿಗೆ ಹೋದೆ. ಎಚ್ಚರವಿದ್ದ.

"ಆತೇನು?" ಅಂದ.

"ಆತು."

"ಹೆಂಗನಿಸ್ತು?"

ಅವನಿಗೆ ಸುಳ್ಳು ಹೇಳಬೇಕೆನಿಸಲಿಲ್ಲ. "ಏನೂ ಅನಿಸಲಿಲ್ಲ ಅಣ್ಣಾ."

ಅವನು ನನ್ನ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಗೋಡೆಯ ಕಡೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದ. ನಾನು ಕುಳಿತೆ, ಕುಳಿತಲ್ಲೇ ಒರಗಿದೆ. ವೈನಿ ಬಂದು ದೀಪ ಸಣ್ಣದು ಮಾಡಿ ಹೋದರು.

ಇದಾಗಿ ಇನ್ನೊಂದು ಮಳೆಗಾಲ ಬಂದು ಹೋಗಿದೆ. ನಾನು ಮತ್ತೆ ಓಡಲಿಲ್ಲ. ಮುಂದಿನ ಓಟಕ್ಕೆ ಬರ್ತೀರೇನು ಎಂದು ಆ ಬೆಳಗಾವಿಯ ಹೆಣ್ಣುಮಗಳು ಫೋನು ಮಾಡಿದ್ದಳು, ನೋಡೋಣ ಎಂದೆ. ರವಿವಾರ ಪೇಟೆಯ ಅಂಗಡಿಯನ್ನು ಈಗ ಪೂರ್ತಿ ವೈನಿಯೇ ನಡೆಸುತ್ತಾರೆ. ಮೆಣಸಿನಕಾಯಿಯನ್ನು ಮುರಿದು, ಮೂಸಿ, ದರ ಹೇಳುವುದನ್ನು ಕಲಿತಿದ್ದಾರೆ. ಸಂಜೆ ಅವರ ಸೆರಗಿನಿಂದ ಖಾರದ ಘಾಟು ಬರುತ್ತದೆ. ಅಣ್ಣ ಕೆಲವು ವಾರ ಅವರ ಹಿಂದೆ ಬಂದು ಚೀಲಗಳ ನಡುವೆ ಕೂಡುತ್ತಾನೆ, ಕೆಲವು ವಾರ ಬರುವುದಿಲ್ಲ. ಯಾವುದು ಬಂದರೂ ಅದು ಉಳಿಯುತ್ತದೆಂದು ನಾವು ತಿಳಿಯುವುದಿಲ್ಲ. ಸುಧಾರಿಸುತ್ತಿದ್ದಾನೆ ಎಂಬ ಮಾತನ್ನು ನಾನೂ ವೈನಿಯೂ ಒಬ್ಬರಿಗೊಬ್ಬರು ಆಡುವುದನ್ನು ಬಿಟ್ಟಿದ್ದೇವೆ.

ನನ್ನ ವಿಷಯವನ್ನೂ ಕೊನೆಗೊಮ್ಮೆ ವೈದ್ಯರಿಗೆ ಹೇಳಿದೆ. ಅವರು ಬರೆದುಕೊಟ್ಟ ಸಣ್ಣ ಬಿಳಿ ಗುಳಿಗೆಯನ್ನು ನಾನೂ ರಾತ್ರಿ ನುಂಗುತ್ತೇನೆ. ಅದನ್ನು ವೈನಿಯೇ ಕಪಾಟಿನಿಂದ ತೆಗೆದು ಕೊಡುತ್ತಾರೆ. ಮೊನ್ನೆ ಅವರು ಅಣ್ಣನನ್ನು ಆಸ್ಪತ್ರೆಗೆ ತೋರಿಸಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರ್ ಹೇಳೂದನ್ನ ಒಬ್ಬಳೇ ಕೇಳಿಸಿಕೊಂಡು ಬರೂದು ಆಗವಲ್ತು, ನೀನೂ ಇರು ಎಂದು ನನಗೆ ಕಾಲೇಜಿಗೆ ರಜೆ ಹಾಕಿಸಿದ್ದರು. ಆಸ್ಪತ್ರೆಯ ಓಣಿಯಂಥ ಪಡಸಾಲೆಯಲ್ಲಿ ಬೆಂಚಿನ ಮೇಲೆ ಮೂವರೂ ಕುಳಿತಿದ್ದೆವು, ಅಣ್ಣ ನಡುವೆ. ಬಹಳ ಗದ್ದಲವಿತ್ತು. ಒಳಗಿನಿಂದ ಅವನ ಹೆಸರು ಕರೆದರು. ವೈನಿಯೂ ನಾನೂ ಎದ್ದು ನಿಂತೆವು. ಅವನು ತನ್ನ ಕೈಗಳನ್ನು ನೋಡುತ್ತ ಕುಳಿತಿದ್ದ. ಬಾಗಿಲಲ್ಲಿ ನಿಂತ ನರ್ಸು ಒಳಗೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿ, ಇನ್ನೊಬ್ಬರ ಹೆಸರು ಕರೆಯಲೇ ಎಂದು ಕೇಳಿದಳು. ಸ್ವಲ್ಪ ತಡಿರಿ, ಎಂದರು ವೈನಿ.